ಡೆಕೊ ಸಿಲಿಂಡರ್ ಎಡಕ್ಕೋ ಬಲಕ್ಕೋ?

ನೇತ್ರಾಣಿಯಲ್ಲಿ ಡೈವ್ ಮಾಡಿ ಪಳಗಿದ ನೀವು ಟೆಕ್ನಿಕಲ್ ಕೋರ್ಸಿಗೆ ಹೊರಟಿರುವುದು ಸಂತೋಷ. ನೀವು ಕೇಳಿರುವುದು ಎರಡು: ಡೆಕೊ, ಅಂದರೆ ಮೇಲೇರುವಾಗಿನ ನಿಲುಗಡೆಗಳಲ್ಲಿ ಉಸಿರಾಡುವ, ಶೇ 50ರ ನೈಟ್ರಾಕ್ಸ್ (ಅರ್ಧ ಆಮ್ಲಜನಕವಿರುವ ಮಿಶ್ರಣ) ಮತ್ತು ಶುದ್ಧ ಆಮ್ಲಜನಕದ ಸಿಲಿಂಡರ್‌ಗಳನ್ನು ಒಂದೇ ಪಕ್ಕಕ್ಕೆ ಹಾಕಬೇಕೇ, ಒಂದೊಂದು ಪಕ್ಕಕ್ಕೆ ಹಂಚಬೇಕೇ? ಸಿಲಿಂಡರ್ ಜೋತುಬಿದ್ದು ತೊಡೆಗೆ ಬಡಿಯುವುದನ್ನು ತಪ್ಪಿಸುವುದು ಹೇಗೆ?

ಎರಡನೆಯದು ಸುಲಭ. ನಿಮ್ಮ ಚಿತ್ರದಲ್ಲಿ, ಸಿಲಿಂಡರನ್ನು ಮೈಪಟ್ಟಿಗೆ ಸಿಕ್ಕಿಸುವ ಕೊಂಡಿಯಾದ ಮೇಲಿನ ಬೋಲ್ಟ್ ಸ್ನ್ಯಾಪ್‌ನ ಹಗ್ಗ ತೀರ ಉದ್ದವಾಗಿದೆ. ಅದು ಸಿಲಿಂಡರ್‌ನ ಕತ್ತಿಗೆ ಅಂಟಿಕೊಂಡಂತಿರಬೇಕು. ಆಗ ವಾಲ್ವ್ ಕಂಕುಳ ಹತ್ತಿರ ನಿಲ್ಲುತ್ತದೆ. ಕೆಳಗಿನ ಸ್ನ್ಯಾಪ್ ಸೊಂಟಪಟ್ಟಿಯ ಎಡಗಡೆಯ ಲೋಹದ ಬಳೆಗೆ, ಅಂದರೆ ಡಿ-ರಿಂಗ್‌ಗೆ ಸಿಕ್ಕಬೇಕು, ಅಲ್ಲಿ ಸ್ವಲ್ಪ ಸಡಿಲವಿದ್ದರೂ ತೊಂದರೆಯಿಲ್ಲ. ಸ್ನ್ಯಾಪ್‌ಗಳನ್ನು ಹಗ್ಗದಿಂದಲೇ ಕಟ್ಟಿ, ಲೋಹಕ್ಕೆ ಲೋಹ ಕೂಡಿಸಬೇಡಿ. ಸ್ನ್ಯಾಪ್ ಜಾಮ್ ಆದರೆ ಚಾಕುವಿಗೆ ಕತ್ತರಿಸಲು ಹಗ್ಗ ಇರಲೇಬೇಕು.

ಸಿಲಿಂಡರ್ ಅಲ್ಯೂಮಿನಿಯಂನದ್ದೇ ಇರಲಿ. ಹೆಚ್ಚಾಗಿ ಬಳಸುವ 11 ಲೀಟರಿನ ‘ಎಂಬತ್ತು’ (ಘನ ಅಡಿ ಲೆಕ್ಕದ ಹೆಸರು) ತುಂಬಿದಾಗ ತುಸು ಮುಳುಗುತ್ತದೆ, ಖಾಲಿಯಾದಾಗ ಬರಿಯ ಸಿಲಿಂಡರ್ 2 ಕೆ.ಜಿ.ಯ ಹತ್ತಿರ ತೇಲುತ್ತದೆ. ಹೀಗಾಗಿ ಗ್ಯಾಸ್ ತೀರುತ್ತ ಬಂದಂತೆ ಅದರ ಬುಡ ಮೇಲೇಳುತ್ತದೆ. ಆಮ್ಲಜನಕಕ್ಕೆ 5.7 ಲೀಟರಿನ ‘ನಲವತ್ತು’ ಒಯ್ದರೆ ಈ ಏರಿಳಿತ ಕಡಿಮೆ, ಆರು ಮೀಟರಿನ ನಿಲುಗಡೆಗೆ ಸಾಮಾನ್ಯವಾಗಿ ಅಷ್ಟು ಗ್ಯಾಸ್ ಸಾಕಾಗುತ್ತದೆ. ಉಕ್ಕಿನದು ಬೆನ್ನಿಗೆ ಚೆಂದ, ಪಕ್ಕಕ್ಕೆ ಬೇಡ.

ಇನ್ನು ಎಡ–ಬಲದ ವಿಚಾರ. ಆಮ್ಲಜನಕ ಹೆಚ್ಚಿರುವುದು ಬಲಕ್ಕೆ, ಕಡಿಮೆಯಿರುವುದು ಎಡಕ್ಕೆ ಎಂಬ ಪದ್ಧತಿಯೊಂದಿದೆ. ಫ್ಲೋರಿಡಾದ ಗುಹೆ ಡೈವರ್‌ಗಳಿಂದ ಹರಡಿದ ಇನ್ನೊಂದು ಪದ್ಧತಿಯಲ್ಲಿ ಎಲ್ಲವೂ ಎಡಕ್ಕೇ. ನನ್ನ ಮತ ಎಡಕ್ಕೆ. ನಿಮ್ಮಂತೆ ಬೆನ್ನಿಗೆ ಜೋಡಿ ಸಿಲಿಂಡರ್ ಕಟ್ಟುವವರ ಎರಡು ಮೀಟರಿನ ಉದ್ದ ಹೋಸ್ (ಬಾಯಿಗೆ ಗ್ಯಾಸ್ ತರುವ ಕೊಳವೆ) ಬಲಪಕ್ಕದಲ್ಲಿ, ದೀಪದ ಬ್ಯಾಟರಿ ಡಬ್ಬಿಯ ಕೆಳಗಿನಿಂದ ಹಾದುಬರುತ್ತದೆ. ಅಲ್ಲೊಂದು ಸಿಲಿಂಡರ್ ನೇತುಹಾಕಿದರೆ, ಜೊತೆಗಾರನಿಗೆ ಗ್ಯಾಸ್ ಮುಗಿದು ಆ ಹೋಸ್ ಎಳೆದುಕೊಡಬೇಕಾದ ಹೊತ್ತಿಗೆ ಅದು ಸಿಕ್ಕಿಕೊಳ್ಳಬಹುದು. ಆದರೂ ಹಂಚಿ ಒಯ್ಯುವವರನ್ನು ತಪ್ಪೆನ್ನಲಾರೆ. ತೂಕದ ಸಮತೋಲ ಅವರಿಗೆ ಚೆನ್ನಾಗಿ ಸಿಗುತ್ತದೆ.

ನಾನು ಬಲವಾಗಿ ವಿರೋಧಿಸುವುದು ಒಂದನ್ನೇ: ‘ಬಲಗಡೆಯದು ಆಮ್ಲಜನಕ, ಕೈಗೆ ಗೊತ್ತಾಗುತ್ತದೆ’ ಎಂಬ ನಂಬಿಕೆಯನ್ನು. ಶುದ್ಧ ಆಮ್ಲಜನಕ ಉಸಿರಾಡಬಹುದಾದ ಆಳದ ಮಿತಿ 6 ಮೀಟರ್, ಶೇ 50ರದ್ದು 21 ಮೀಟರ್. 21 ಮೀಟರಿನಲ್ಲಿ ತಪ್ಪಿ ಆಮ್ಲಜನಕ ಬಾಯಿಗಿಟ್ಟರೆ ಅದರ ಒತ್ತಡ 3.1 ಬಾರ್, ಒಪ್ಪಿತ ಮಿತಿಯಾದ 1.6ರ ಸುಮಾರು ಎರಡು ಪಟ್ಟು. ಮುನ್ಸೂಚನೆಯಿಲ್ಲದೆ ಸೆಳೆತ ಬರಬಹುದು, ಉಸಿರಾಟದ ಸಾಧನವಾದ ರೆಗ್ಯುಲೇಟರ್ ಬಾಯಿಂದ ಜಾರಿದರೆ ಮುಳುಗಿ ಸಾಯುವುದೇ. ಸಿಲಿಂಡರ್ ಯಾವ ಪಕ್ಕದಲ್ಲಿದೆ ಎಂಬುದು ಅದರೊಳಗೆ ಏನಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಡೈವ್‌ಗೆ ಮೊದಲು ನೀವೇ ಅನಲೈಸರ್‌ನಲ್ಲಿ ಅಳೆದು ಅಂಟಿಸಿದ ಪಟ್ಟಿ.

ಆ ಪಟ್ಟಿಯಲ್ಲಿ 21, 6 ಎಂಬ ಅಂಕಿಗಳು ಅಂಗೈಯಗಲ ಇರಲಿ, ಸಿಲಿಂಡರ್‌ನ ಎರಡೂ ಮಗ್ಗುಲಲ್ಲಿ ಉದ್ದಕ್ಕೆ ಅಂಟಿಸಿ. ನೀವು ಅಡ್ಡಲಾಗಿ ತೇಲುತ್ತಿರುವಾಗ ಜೊತೆಗಾರ ಓದುವಂತಿರಬೇಕು. ಗ್ಯಾಸ್ ಬದಲಿಸುವಾಗ ಮೊದಲು ಆಳ ನೋಡಿ, ಅಂಕಿ ಓದಿ, ಜೊತೆಗಾರನಿಗೂ ತೋರಿಸಿ. ಆಮೇಲೆ ರೆಗ್ಯುಲೇಟರ್ ಬಿಚ್ಚಿಕೊಂಡು, ವಾಲ್ವ್ ತೆರೆದು, ಬಾಯಿಗಿಡುವ ತುದಿಯಿಂದ ಹೋಸನ್ನು ಬೆರಳಲ್ಲಿ ಹಿಡಿದು ಅದೇ ಸಿಲಿಂಡರ್‌ನ ವಾಲ್ವ್‌ವರೆಗೂ ಸವರಿಕೊಂಡು ಹೋಗಿ. ಎರಡೂ ಎಡಕ್ಕಿದ್ದರೆ ಈ ಸವರುವಿಕೆ ಇನ್ನೂ ಮುಖ್ಯ, ಹೋಸ್‌ಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಜೊತೆಗಾರ ಒಪ್ಪಿಗೆ ಸೂಚಿಸಿದ ಮೇಲೆಯೇ ಬಾಯಿಗೆ.

ಬಳಸದಿರುವಾಗ ರೆಗ್ಯುಲೇಟರ್‌ಗೆ ಒತ್ತಡ ತುಂಬಿ ವಾಲ್ವ್ ಮುಚ್ಚಿಡಿ. ಒತ್ತಡವಿದ್ದರೆ ನೀರು ಒಳಗಿಳಿಯದು, ವಾಲ್ವ್ ಮುಚ್ಚಿದ್ದರೆ ಗ್ಯಾಸ್ ಸೋರಿ ಹೋಗದು. ಹೋಸನ್ನು ಸಿಲಿಂಡರ್‌ನ ರಬ್ಬರ್ ಪಟ್ಟಿಯೊಳಗೆ ಪೂರ್ತಿ ಸಿಕ್ಕಿಸಿ.

ಮೇಲಿನ ಹಗ್ಗ ಗಿಡ್ಡ ಮಾಡಿದ ಮೇಲೆ ನೀರಿನಲ್ಲಿ ಪಕ್ಕದಿಂದ ತೆಗೆದ ಒಂದು ಚಿತ್ರ ಇಲ್ಲಿ ಹಾಕಿ. ಬುಡ ಇನ್ನೂ ಇಳಿಬಿದ್ದಿದ್ದರೆ ಕೆಳಗಿನ ಸ್ನ್ಯಾಪ್‌ನ ಜಾಗ ಸರಿಪಡಿಸೋಣ.