ನಿಮ್ಮ ಸ್ಪನಕೋಪಿಟ ಲೇಖನದಲ್ಲಿ ನೀರಿನ ಮಾತೇ ಇಲ್ಲ

ಮಾನ್ಯರೇ,

ಗ್ರೀಸಿನ ಸ್ಪನಕೋಪಿಟವನ್ನು ಕುರಿತು ನೀವು ಕಳುಹಿಸಿದ ‘ಗರಿಗರಿ ಗ್ರೀಕ್ ಸೊಗಸು’ ಎಂಬ ಲೇಖನವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದಿದ್ದು ಅಡುಗೆಮನೆಯಲ್ಲಿ ನಿಂತು, ನೀವು ಬರೆದಂತೆಯೇ ಮಾಡುತ್ತ. ಪಾಲಕ್ ಸೊಪ್ಪು ಮತ್ತು ಚೀಸ್‌ನ ಹೂರಣವನ್ನು ಫಿಲೋ ಎಂಬ ತೆಳುವಾದ ಹಿಟ್ಟಿನ ಹಾಳೆಗಳ ನಡುವೆ ಇಟ್ಟು ಓವನ್‌ನಲ್ಲಿ ಬೇಯಿಸುವ ಈ ಪೈಯನ್ನು ಕನ್ನಡದ ಓದುಗರಿಗೆ ಪರಿಚಯಿಸಬೇಕೆಂಬ ನಿಮ್ಮ ಆಸೆ ನನಗೆ ತುಂಬ ಮೆಚ್ಚುಗೆಯಾಗಿದೆ. ಆದರೂ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ನಿಮ್ಮ ಅಳತೆ ಮತ್ತು ಕ್ರಮವನ್ನು ಅನುಸರಿಸಿ ನಾನು ಮಾಡಿದ ಪೈ ಮೇಲೆ ಹೊಂಬಣ್ಣಕ್ಕೆ ತಿರುಗಿತ್ತು. ತಳ ಮಾತ್ರ ಹಸಿಹಿಟ್ಟಿನ ಮುದ್ದೆಯಾಗಿತ್ತು. ನಿಮ್ಮನ್ನು ನಂಬಿ ದುಬಾರಿ ಸಾಮಗ್ರಿಗಳನ್ನು ತಂದ ಓದುಗರೊಬ್ಬರಿಗೆ ಹೀಗಾಗಬಾರದು.

ನಿಮ್ಮ ಲೇಖನದಲ್ಲಿ ‘ಗರಿಗರಿ’ ಎಂಬ ಪದ ಹನ್ನೊಂದು ಸಲ ಬಂದಿದೆ, ಆದರೆ ಆ ಪೈ ಗರಿಗರಿಯಾಗುವುದು ಯಾವುದರಿಂದ ಎಂದು ಒಂದು ಸಲವೂ ಹೇಳಿಲ್ಲ. ಈ ಅಡುಗೆಯ ಹದವೆಲ್ಲ ನೀರಿನ ಮೇಲೆ ನಿಂತಿದೆ. ಹಾಳೆಯಲ್ಲಿರುವ ನೀರು ಓವನ್ ಸೇರುವ ಮೊದಲೇ ಆರಿಹೋಗಬಾರದು. ಸೊಪ್ಪಿನಲ್ಲಿರುವ ನೀರು ಓವನ್ ಸೇರುವ ಹೊತ್ತಿಗೆ ಅಲ್ಲಿ ಉಳಿದಿರಬಾರದು. ಈ ಎರಡು ವಿರುದ್ಧ ಕೆಲಸಗಳನ್ನು ಒಂದೇ ಹೊತ್ತಿನಲ್ಲಿ ಮಾಡುವುದೇ ಸ್ಪನಕೋಪಿಟ ಮಾಡುವ ಕಷ್ಟ. ನಿಮ್ಮ ಲೇಖನವನ್ನು ಇದರ ಸುತ್ತಲೇ ಹೊಸದಾಗಿ ಕಟ್ಟಬೇಕೆಂಬುದು ನನ್ನ ಮುಖ್ಯ ಸಲಹೆ.

ಮೊದಲು ಹಾಳೆಯ ವಿಚಾರ. ಫಿಲೋ ಎಂದರೆ ಪಫ್ ಪೇಸ್ಟ್ರಿಯ ಇನ್ನೊಂದು ಹೆಸರು ಎಂದು ಬರೆದಿದ್ದೀರಿ. ಅದು ತಪ್ಪು, ಮತ್ತು ಇದೇ ತಪ್ಪು ಓದುಗರನ್ನು ಹೆಚ್ಚು ದಾರಿ ತಪ್ಪಿಸುತ್ತದೆ, ಏಕೆಂದರೆ ಪಫ್ ಎಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರುವುದು ಅಯ್ಯಂಗಾರ್ ಬೇಕರಿಯ ವೆಜ್ ಪಫ್. ಅದರಲ್ಲಿ ಜಿಡ್ಡನ್ನು ಹಿಟ್ಟಿನೊಳಗೇ ಇಟ್ಟು ಮತ್ತೆ ಮತ್ತೆ ಮಡಿಸಿ ಲಟ್ಟಿಸುತ್ತಾರೆ. ಫಿಲೋ ಹಾಗಲ್ಲ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಎಲೆ ಎಂದೇ ಅರ್ಥ. ಮೈದಾ, ನೀರು, ಉಪ್ಪು, ಬೇಕೆಂದರೆ ಸ್ವಲ್ಪ ಎಣ್ಣೆ ಮತ್ತು ವಿನಿಗರ್ ಸೇರಿಸಿ ನಾದಿದ ಹಿಟ್ಟನ್ನು ಬೆಳಕು ತೂರಿ ಬರುವಷ್ಟು ತೆಳುವಾಗಿ ಎಳೆದು ಮಾಡುವ ಹಾಳೆ ಅದು. ಜಿಡ್ಡನ್ನು ನಾವು ಜೋಡಿಸುವಾಗ ಬ್ರಷ್‌ನಿಂದ ಒಂದೊಂದೇ ಹಾಳೆಯ ಮೇಲೆ ಸವರಬೇಕು. ಆ ಬೆಣ್ಣೆ ಅಥವಾ ಆಲಿವ್ ಎಣ್ಣೆ ಹಾಳೆಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಓವನ್‌ನ ಕಾವಿಗೆ ಹಾಳೆಯೊಳಗಿನ ನೀರು ಆವಿಯಾಗಿ ಪದರಗಳನ್ನು ಬಿಡಿಸುತ್ತದೆ. ಗರಿಗರಿಯಾಗುವುದು ಹೀಗೆ. ಇದನ್ನು ವಿವರಿಸಲು ನಿಮಗೆ ಚಿರೋಟಿಗಿಂತ ಒಳ್ಳೆಯ ಹೋಲಿಕೆ ಸಿಗಲಾರದು: ತುಪ್ಪ ಮತ್ತು ಅಕ್ಕಿಹಿಟ್ಟಿನ ಸಾಟಿಯನ್ನು ಪದರದ ನಡುವೆ ಸವರದಿದ್ದರೆ ಚಿರೋಟಿಯ ಎಸಳು ಬಿಡುವುದಿಲ್ಲವೆಂದು ತಿಳಿದವರಿಗೆ ಫಿಲೋಗೆ ಬೆಣ್ಣೆ ಏಕೆಂದು ಬೇರೆ ಹೇಳಬೇಕಾಗಿಲ್ಲ. ಒಂದು ಕರಿಯುವುದು, ಇನ್ನೊಂದು ಬೇಕ್ ಮಾಡುವುದು ಎಂಬ ವ್ಯತ್ಯಾಸವನ್ನು ಮಾತ್ರ ಸೇರಿಸಿ.

‘ಫ್ರೀಜರ್‌ನಿಂದ ತೆಗೆದ ಕೂಡಲೇ ಹಾಳೆಗಳನ್ನು ಬಿಡಿಸಿಕೊಳ್ಳಿ’ ಎಂಬ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ಹಾಗೆ ಮಾಡಿದರೆ ಹಾಳೆಗಳು ಮಡಿಕೆಯಲ್ಲೇ ಮುರಿಯುತ್ತವೆ. ಹೊರಗಿಟ್ಟು ಅವಸರದಲ್ಲಿ ಕರಗಿಸಿದರೆ ತೇವ ಕಟ್ಟಿ ಅಂಟಿಕೊಳ್ಳುತ್ತವೆ. ಪೊಟ್ಟಣವನ್ನು ಬಿಚ್ಚದೆ, ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ, ಬಳಸುವ ಸ್ವಲ್ಪ ಹೊತ್ತಿಗೆ ಮುಂಚೆ ಹೊರಗೆ ತೆಗೆಯಬೇಕು. ಬಿಚ್ಚಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯನ್ನು ಮುಚ್ಚಿಡಬೇಕು, ಏಕೆಂದರೆ ಫ್ಯಾನ್ ತಿರುಗುವ ಕೋಣೆಯಲ್ಲಿ ಈ ಹಾಳೆ ಕೆಲವೇ ನಿಮಿಷಗಳಲ್ಲಿ ಒಣಗಿ ಪುಡಿಯಾಗುತ್ತದೆ. ಹೂರಣ ಪೂರ್ತಿ ಸಿದ್ಧವಾಗಿ ತಣ್ಣಗಾದ ಮೇಲೆಯೇ ಪೊಟ್ಟಣ ಬಿಚ್ಚಬೇಕೆಂಬ ಕ್ರಮವೂ ಇದರಿಂದಲೇ ಬರುತ್ತದೆ. ನೀವು ಅದನ್ನು ಹಿಂದುಮುಂದಾಗಿ ಬರೆದಿದ್ದೀರಿ.

ಇನ್ನು ಸೊಪ್ಪು. ‘ಅರ್ಧ ಕಿಲೋ ಪಾಲಕ್ ತೊಳೆದು, ಹೆಚ್ಚಿ, ಚೀಸ್‌ನೊಂದಿಗೆ ಕಲಸಿ’ ಎಂದಷ್ಟೇ ನೀವು ಹೇಳಿದ್ದೀರಿ. ನನ್ನ ಪೈ ಕೆಟ್ಟದ್ದು ಇಲ್ಲಿಯೇ. ಪಾಲಕ್‌ನ ತೂಕದಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ ಇರುತ್ತದೆ, ಮೇಲೆ ತೊಳೆದ ನೀರು ಬೇರೆ. ಹಸಿಯಾಗಿ ತುಂಬಿದರೆ ಅದೆಲ್ಲ ಓವನ್‌ನಲ್ಲಿ ಇಳಿದು ತಳದ ಹಾಳೆಗಳನ್ನು ನೆನೆಸುತ್ತದೆ. ಸೊಪ್ಪನ್ನು ಬಾಣಲೆಯಲ್ಲಿ ಬಾಡಿಸಿ, ಆರಿಸಿ, ಬಟ್ಟೆಯಲ್ಲಿ ಕಟ್ಟಿ ಎರಡು ಕೈಯಿಂದ ಹಿಂಡಬೇಕು. ಗ್ರೀಸಿನ ಅನೇಕ ಮನೆಗಳಲ್ಲಿ ಬಾಡಿಸುವ ಬದಲು ಹಸಿ ಸೊಪ್ಪಿಗೆ ಉಪ್ಪು ಹಾಕಿ ತಿಕ್ಕಿ ನೀರು ಬಿಡಿಸುವ ರೂಢಿಯೂ ಇದೆ, ನಾವು ಸೌತೆಕಾಯಿ ಅಥವಾ ಹಾಗಲಕಾಯಿಗೆ ಮಾಡುವಂತೆ. ದೊಡ್ಡ ಪಾತ್ರೆ ತುಂಬ ಇದ್ದ ಸೊಪ್ಪು ಹಿಂಡಿದ ಮೇಲೆ ಎರಡು ಮೂರು ಮುಷ್ಟಿಗೆ ಇಳಿಯುತ್ತದೆ. ಇದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ, ಆದ್ದರಿಂದ ಮೊದಲೇ ತಿಳಿಸಿ. ಒಂದು ದೊಡ್ಡ ಟ್ರೇಗೆ ನಿಮ್ಮ ಅರ್ಧ ಕಿಲೋ ಸಾಲದು, ಒಂದು ಕಿಲೋ ಬೇಕು. ಹಿಂಡಿದ ಮೇಲೂ ಉಳಿಯುವ ತೇವವನ್ನು ಹೀರಲು ತಳದ ಹಾಳೆಗಳ ಮೇಲೆ ಎರಡು ಚಮಚ ಚಿರೋಟಿ ರವೆ ಉದುರಿಸಬಹುದು.

ಹೂರಣದ ಪರಿಮಳದ ವಿಚಾರದಲ್ಲಿ ನೀವು ಕೈಗೆಟಕಿದ ಒಂದು ಅವಕಾಶವನ್ನು ಬಿಟ್ಟಿದ್ದೀರಿ. ‘ಡಿಲ್ ಎಂಬ ವಿದೇಶಿ ಗಿಡಮೂಲಿಕೆ ಸಿಗದಿದ್ದರೆ ಕೊತ್ತಂಬರಿ ಹಾಕಿ’ ಎಂದು ಬರೆದಿದ್ದೀರಿ. ಡಿಲ್ ಎಂದರೆ ನಮ್ಮ ಸಬ್ಬಸಿಗೆ ಸೊಪ್ಪು! ಅಕ್ಕಿರೊಟ್ಟಿಗೆ ಹೆಚ್ಚಿ ಹಾಕುವ, ಬೆಳಗ್ಗೆ ತಳ್ಳುಗಾಡಿಯಲ್ಲಿ ಕಟ್ಟುಗಟ್ಟಲೆ ಬರುವ ಸೊಪ್ಪು. ಈ ಪೈಯಲ್ಲಿ ನಮ್ಮ ಓದುಗರು ನಿಜವಾಗಿ ಬಲ್ಲ ವಾಸನೆ ಯಾವುದಾದರೂ ಇದ್ದರೆ ಅದು ಇದೇ, ಮತ್ತು ಅದನ್ನೇ ನೀವು ಪರಕೀಯವೆಂದು ಪಕ್ಕಕ್ಕೆ ಸರಿಸಿದ್ದೀರಿ. ಲೇಖನವನ್ನು ಇಲ್ಲಿಂದಲೇ ಆರಂಭಿಸಿದರೂ ನನಗೆ ಸಂತೋಷವೇ.

ಚೀಸ್ ಬಗ್ಗೆ ‘ಫೆಟಾ ಎಂದರೆ ಗ್ರೀಕರ ಪನೀರ್’ ಎನ್ನುವ ಮಾತು ಕೇಳಲು ಚೆನ್ನಾಗಿದೆ, ಆದರೆ ಅಡುಗೆಗೆ ತೊಂದರೆ ಕೊಡುತ್ತದೆ. ಪನೀರ್ ಹುಳಿ ಹಿಂಡಿ ಒಡೆಸಿದ, ಉಪ್ಪಿಲ್ಲದ ತಾಜಾ ಚೀಸ್. ಫೆಟಾ ಕುರಿಯ ಹಾಲಿನದು. ಅದಕ್ಕೆ ಶೇ 30ರವರೆಗೆ ಮೇಕೆಯ ಹಾಲನ್ನು ಸೇರಿಸಬಹುದು. ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸಿ, ಕನಿಷ್ಠ ಎರಡು ತಿಂಗಳು ಮಾಗಿಸಿ, ಉಪ್ಪುನೀರಿನಲ್ಲಿ ಇಡುತ್ತಾರೆ. 2002ರ ನಿಯಮದ ಪ್ರಕಾರ ಯುರೋಪಿಯನ್ ಒಕ್ಕೂಟದಲ್ಲಿ ಗ್ರೀಸಿನ ನಿಗದಿತ ಪ್ರದೇಶಗಳಲ್ಲಿ ತಯಾರಾದದ್ದನ್ನು ಮಾತ್ರ ಆ ಹೆಸರಿನಲ್ಲಿ ಮಾರಬಹುದು. ಪೈಗೆ ಬೇಕಾದ ಉಪ್ಪು ಮತ್ತು ಹುಳಿ ಎರಡೂ ಫೆಟಾದಿಂದಲೇ ಬರುತ್ತವೆ. ಅದರ ಜಾಗದಲ್ಲಿ ಪನೀರ್ ಹಾಕಿ ಬೇರೇನನ್ನೂ ಬದಲಿಸದಿದ್ದರೆ ಸಪ್ಪೆ ಪೈ ಆಗುತ್ತದೆ. ಪನೀರ್ ಬಳಸುವುದಕ್ಕೆ ನನ್ನ ವಿರೋಧವಿಲ್ಲ. ಎಲ್ಲ ಊರುಗಳಲ್ಲಿ ಫೆಟಾ ಸಿಗುವುದಿಲ್ಲ. ಆದರೆ ಪುಡಿಮಾಡಿದ ಪನೀರ್‌ಗೆ ನೀರು ಬಸಿದ ಗಟ್ಟಿ ಹುಳಿಮೊಸರು ಮತ್ತು ಉಪ್ಪನ್ನು ಎಷ್ಟೆಷ್ಟು ಸೇರಿಸಿದಿರಿ ಎಂದು ತೂಗಿ ಬರೆಯಿರಿ. ಫೆಟಾ ಹಾಕುವವರಿಗೆ ಬೇರೆ ಉಪ್ಪು ಬೇಡವೆಂದೂ ಹೇಳಿ.

ಇತಿಹಾಸದ ಪ್ಯಾರಾ ಪೂರ್ತಿ ಹೋಗಬೇಕು. ಅಲೆಕ್ಸಾಂಡರನ ಸೈನಿಕರು ಸ್ಪನಕೋಪಿಟ ಕಟ್ಟಿಕೊಂಡು ಭಾರತಕ್ಕೆ ಬಂದರು ಎಂದು ಬರೆದಿದ್ದೀರಿ. ಪಾಲಕ್ ಪರ್ಷಿಯಾ ಕಡೆಯ ಬೆಳೆ. ಅರಬರ ಮೂಲಕ ಅದು ಮೆಡಿಟರೇನಿಯನ್ ತೀರ ತಲುಪಿದ್ದು ಅಲೆಕ್ಸಾಂಡರನ ನಂತರ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಇತಿಹಾಸ ಬೇಕೆನಿಸಿದರೆ ತುರ್ಕಿಯ ಬೋರೆಕ್ ಎಂಬ ಪದರದ ಪೈ ಜೊತೆ ಈ ಪೈಗಿರುವ ನಂಟನ್ನು ಹೇಳಿ, ಅಥವಾ ಗ್ರೀಸಿನ ವಾಯವ್ಯದ ಗುಡ್ಡನಾಡು ಎಪಿರಸ್ ಬಗ್ಗೆ ಬರೆಯಿರಿ. ಪೈಗಳಿಗೆ ಹೆಸರಾದ ಆ ಸೀಮೆಯಲ್ಲಿ ಕುರಿಗಾಹಿಗಳ ಹಾಲು, ಗುಡ್ಡದ ಕಾಡುಸೊಪ್ಪು ಮತ್ತು ತೆಳು ಲಟ್ಟಣಿಗೆಯಲ್ಲಿ ಮನೆಯಲ್ಲೇ ಲಟ್ಟಿಸಿದ ಹಾಳೆ, ಇಷ್ಟರಿಂದಲೇ ಊಟವಾಗುತ್ತಿತ್ತು. ಓವನ್ ಇಲ್ಲದ ಮನೆಗಳಲ್ಲಿ ಟ್ರೇಯ ಮೇಲೆ ಗಾಸ್ತ್ರ ಎಂಬ ಲೋಹದ ಮುಚ್ಚಳ ಕವಿಚಿ, ಅದರ ಮೇಲೆ ಕೆಂಡ ಹರಡಿ ಬೇಯಿಸುತ್ತಿದ್ದರು.

ಬೇಯಿಸುವ ಭಾಗದಲ್ಲಿ ‘ಹೊಂಬಣ್ಣ ಬರುವವರೆಗೆ, ಸುಮಾರು 20 ನಿಮಿಷ’ ಎಂಬುದು ಸಾಲದು. ಮೇಲಿನ ಹಾಳೆಗೆ ಬಣ್ಣ ಬಂದರೂ ತಳ ಬೆಂದಿರುವುದಿಲ್ಲ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲೋಹದ ಟ್ರೇಯನ್ನು ಕೆಳಗಿನ ಅಂತಸ್ತಿನಲ್ಲಿಟ್ಟು, 45ರಿಂದ 50 ನಿಮಿಷ ಬೇಕು. ಮೇಲಿನ ಹಾಳೆಗಳನ್ನು ಓವನ್‌ಗೆ ಇಡುವ ಮೊದಲೇ ಚೌಕಗಳಾಗಿ ಕೊಯ್ದಿರಬೇಕು, ಬೆಂದ ಮೇಲೆ ಕೊಯ್ದರೆ ಚೂರಾಗುತ್ತವೆ. ಆ ಕೊಯ್ತದಿಂದ ಒಳಗಿನ ಆವಿಗೂ ದಾರಿಯಾಗುತ್ತದೆ. ಹೊರಗೆ ತೆಗೆದ ಮೇಲೆ ಮುಚ್ಚದೆ ಹದಿನೈದು ನಿಮಿಷ ಬಿಡಿ. ಮುಚ್ಚಿದರೆ ಅದೇ ಆವಿ ನೀರಾಗಿ ಹಾಳೆಯ ಮೇಲೆ ಇಳಿಯುತ್ತದೆ.

ಕೊನೆಯಿಂದ ಎರಡನೆಯ ಪುಟದಲ್ಲಿ ‘ಮೊದಲ ಸಲ ನನ್ನದು ಸರಿಯಾಗಿ ಬರಲಿಲ್ಲ’ ಎಂದು ಬರೆದು, ಮರುವಾಕ್ಯದಲ್ಲೇ ಬೇರೆ ವಿಷಯಕ್ಕೆ ಹೋಗಿದ್ದೀರಿ. ಏನು ಸರಿಯಾಗಲಿಲ್ಲ? ಹಾಳೆ ಒಡೆಯಿತೇ, ತಳ ನೆನೆಯಿತೇ, ಉಪ್ಪು ಹೆಚ್ಚಾಯಿತೇ? ಎರಡನೆಯ ಸಲ ಏನನ್ನು ಬದಲಿಸಿದಿರಿ? ಅದನ್ನು ಒಂದು ಪ್ಯಾರಾದಷ್ಟಾದರೂ ಬಿಡಿಸಿ ಬರೆಯಿರಿ.

ಇನ್ನೊಂದು ವಿಷಯ. ಮೊಟ್ಟೆ ತಿನ್ನದವರಿಗೆ ‘ಮೊಟ್ಟೆ ಬಿಟ್ಟುಬಿಡಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಮ್ಮ ಓದುಗರಲ್ಲಿ ಅಂಥವರು ಬಹಳ ಮಂದಿ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಗ್ರೀಕರೇ ಮೊಟ್ಟೆ, ಚೀಸ್, ಬೆಣ್ಣೆ ಯಾವುದೂ ಇಲ್ಲದೆ, ಸೊಪ್ಪು, ಈರುಳ್ಳಿ ಮತ್ತು ಆಲಿವ್ ಎಣ್ಣೆಯಿಂದ ಈ ಪೈ ಮಾಡುತ್ತಾರೆ. ಆದ್ದರಿಂದ ಮೊಟ್ಟೆಯಿಲ್ಲದ್ದು ನಾವು ಮಾಡಿಕೊಂಡ ರಾಜಿಯಲ್ಲ, ಅಲ್ಲಿನದೇ ರೂಢಿ. ಮೊಟ್ಟೆ ಹೂರಣವನ್ನು ಹಿಡಿದು ನಿಲ್ಲಿಸುತ್ತದೆ. ಅದಿಲ್ಲದಾಗ ಹಿಂಡುವ ಕೆಲಸ ಇನ್ನೂ ಬಿಗಿಯಾಗಿರಬೇಕು. ಮರುಬರಹ ಕಳುಹಿಸುವ ಮೊದಲು ಹೀಗೊಂದು ಟ್ರೇ ಮಾಡಿ, ಕೊಯ್ದ ತುಂಡು ತಟ್ಟೆಯ ಮೇಲೆ ನಿಲ್ಲುತ್ತದೆಯೋ ಕುಸಿಯುತ್ತದೆಯೋ ನೋಡಿ, ಕಂಡದ್ದನ್ನು ಬರೆಯಿರಿ.

ವಿಶ್ವಾಸಪೂರ್ವಕವಾಗಿ,
ಸಂಪಾದಕರು