ಒಣ ಸಹೇಲ್‌ನಲ್ಲಿ ಬಾತುಗಳಿಗೆ ನೀರು ಎಲ್ಲಿಂದ?
ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣ ಪಟ್ಟಿಯೇ ಸಹೇಲ್. ಮಳೆ ಮುಗಿದ ಮೇಲೂ ಅಲ್ಲಿನ ಮಾಲಿ ದೇಶದಲ್ಲಿ ಚಳಿಗಾಲ ಕಳೆಯಲು ಬರುವ ಬಾತುಗಳಿಗೆ ನೀರು ಹೇಗೆ ಸಿಗುತ್ತದೆ ಅಂತ ಕೇಳಿದ್ದೀರಿ. ಅದು ಹೆಚ್ಚಾಗಿ ಅಲ್ಲಿ ಬಿದ್ದ ಮಳೆಯ ನೀರಲ್ಲ. ಗಿನಿ ದೇಶದ ಬೆಟ್ಟಗಳಲ್ಲಿ ಸುರಿದ ಮಳೆ ನೈಜರ್ ನದಿಯಲ್ಲಿ ನಿಧಾನವಾಗಿ ಇಳಿದು ಬರುತ್ತದೆ. ಮಾಲಿಯ ಮೋಪ್ತಿ ಪಟ್ಟಣದ ಸುತ್ತ, ಸಮುದ್ರದಿಂದ ದೂರದಲ್ಲೇ ನದಿ ಕವಲೊಡೆದು ಹರಡಿಕೊಳ್ಳುವ ಒಳನಾಡು ಡೆಲ್ಟಾದಲ್ಲಿ ನೆರೆ ತುಂಬುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಯುರೋಪ್, ಸೈಬೀರಿಯಾ ಕಡೆಯ ಗಾರ್ಗನಿ ಬಾತುಗಳು ಬರುವ ಕಾಲವೂ ಅದೇ. ಎಷ್ಟು ಚೆಂದದ ಹೊಂದಿಕೆ ಅಲ್ವಾ!

ನೆರೆಯ ಜೊತೆಗೇ 'ಬುರ್ಗು' ಎಂಬ ಹುಲ್ಲು ಏಳುತ್ತದೆ. ಹಕ್ಕಿಗೆ ಆಸರೆ, ಮೀನಿಗೆ ಮೊಟ್ಟೆಯಿಡುವ ಜಾಗ. ನೀರು ಇಳಿದ ಮೇಲೆ ಫುಲಾನಿ ದನಗಾಹಿಗಳಿಗೆ ಅದೇ ಮೇವು.

ನನಗೆ ಬರಕ್ಕಿಂತ ಜಾಸ್ತಿ ಭಯ ಇರುವುದು ಅಣೆಕಟ್ಟುಗಳದ್ದು. ಅವು ನೀರು ತಡೆದರೆ ಡೆಲ್ಟಾಕ್ಕೆ ಬರುವ ನೆರೆ ಕುಗ್ಗುತ್ತದೆ. ಡೆಲ್ಟಾದ ಮೇಲ್ಭಾಗದಲ್ಲಿ ಮರ್ಕಾಲಾ, ಸೆಲಿಂಗೆ ಅಣೆಕಟ್ಟುಗಳು ಈಗಾಗಲೇ ಇವೆ. ನೆರೆ ಕಮ್ಮಿಯಾದ ವರ್ಷ ಹಕ್ಕಿಗಳು ಉಳಿದ ಹೊಂಡಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ, ಬಲೆಗೆ ಸುಲಭವಾಗಿ ಬೀಳುತ್ತವೆ.