ಸಾಗರ ಮಧ್ಯದ ರಿಡ್ಜ್‌ಗಳ ಕೆಳಗೆ ಘನ ಬಂಡೆ ಹರಿಯುವುದನ್ನು ಲೆಕ್ಕ ಹಾಕುವುದು ಹೇಗೆ?

ರಿಡ್ಜ್ ಎಂದರೆ ಭೂಮಿಯ ಮೇಲ್ಪದರದ ಎರಡು ಭಾರೀ ಫಲಕಗಳು ಪರಸ್ಪರ ದೂರ ಸರಿಯುವ, ಸಾಗರತಳದ ಉದ್ದನೆಯ ಏಣು. ಅದರ ಕೆಳಗಿನ ಗಟ್ಟಿ ಬಂಡೆಗೆ ದ್ರವದ ಸಮೀಕರಣ ಹೇಗೆ ಹೊಂದುತ್ತದೆ, ಭೌತಶಾಸ್ತ್ರ ಓದಿದವರು ಇಂಥ ಮಾಡೆಲಿಂಗ್ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ದೊಡ್ಡ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಮುಂಚೆ ಕಾಗದ, ಪೆನ್ನು ಹಿಡಿದು ಒಂದು ಸರಳ ಲೆಕ್ಕ ಬಿಡಿಸಿ ಎನ್ನುವುದೇ ನನ್ನ ಸಲಹೆ.

ಮ್ಯಾಂಟಲ್, ಅಂದರೆ ತೊಗಟೆಯ ಕೆಳಗಿನ ದಪ್ಪ ಬಂಡೆಯ ಪದರ, ಬಹುಪಾಲು ಘನವೇ. ಆದರೆ ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಮುಖ್ಯ ಖನಿಜವಾದ ಒಲಿವೀನ್‌ನ ಹರಳುಗಳೊಳಗಿನ ದೋಷಗಳು ಮೆಲ್ಲಗೆ ಸರಿಯುತ್ತವೆ, ಹರಳು ಮುರಿಯದೆಯೇ ಆಕಾರ ಬದಲಿಸುತ್ತದೆ. ಹಿಮನದಿಯ ಮಂಜುಗಡ್ಡೆ ಹರಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಸ್ನಿಗ್ಧತೆ (ಹರಿಯಲು ತೋರುವ ಪ್ರತಿರೋಧ) 10¹⁹ ಪಾಸ್ಕಲ್-ಸೆಕೆಂಡ್, ವೇಗ ವರ್ಷಕ್ಕೆ 3 ಸೆಂಟಿಮೀಟರ್, ಅಳತೆ 100 ಕಿಲೋಮೀಟರ್ ಎಂದಿಟ್ಟುಕೊಂಡರೆ ರೆನಾಲ್ಡ್ಸ್ ಸಂಖ್ಯೆ (ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 10⁻²⁰ರ ಆಸುಪಾಸು ಬರುತ್ತದೆ. ಅಂದರೆ ಜಡತ್ವದ ಪದವನ್ನು ನಿಶ್ಚಿಂತೆಯಿಂದ ಕೈಬಿಡಬಹುದು. ಉಳಿಯುವುದು ಸ್ಟೋಕ್ಸ್ ಸಮೀಕರಣ, ಅಂದರೆ ಜಡತ್ವವಿಲ್ಲದ ನಿಧಾನ ಹರಿವಿನ ಸಮೀಕರಣ.

ಈಗ ಆ ಲೆಕ್ಕ. ಮೇಲ್ಮೈಯಲ್ಲಿ ಎರಡು ಫಲಕಗಳು ಅಕ್ಷದಿಂದ (ರಿಡ್ಜ್‌ನ ನಡುಗೆರೆಯಿಂದ) ಆಚೀಚೆ ತಲಾ 'ಯು' ವೇಗದಲ್ಲಿ ಸರಿಯುತ್ತಿವೆ; ಕೆಳಗೆ ಎಲ್ಲೆಡೆ ಒಂದೇ ಸ್ನಿಗ್ಧತೆ. ಇದನ್ನು ಮೂಲೆ ಹರಿವು ಎನ್ನುತ್ತಾರೆ, ಉತ್ತರ ಕೈಯಲ್ಲೇ ಸಿಗುತ್ತದೆ. ಅಕ್ಷದ ನೇರ ಕೆಳಗೆ, ಯಾವ ಆಳದಲ್ಲಿ ನೋಡಿದರೂ, ಬಂಡೆ ಏರುವ ವೇಗ 2ಯು/π, ಅಂದರೆ ಸುಮಾರು 0.64ಯು. ವೇಗದ ಸೂತ್ರದಲ್ಲಿ ಸ್ನಿಗ್ಧತೆ ಕಾಣಿಸುವುದೇ ಇಲ್ಲ, ಒತ್ತಡದಲ್ಲಿ ಮಾತ್ರ ಬರುತ್ತದೆ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಇದನ್ನು ನೋಡಿ.

ಕೋಡ್ ಬರೆಯುವಾಗ ಇದೇ ನಿಮ್ಮ ಮೊದಲ ಪರೀಕ್ಷೆ. ಇಲ್ಲಿ ಎಡವಬಹುದಾದ ಎರಡು ಜಾಗಗಳಿವೆ. ಅಕ್ಷದಲ್ಲಿ ಮೇಲ್ಮೈ ವೇಗ ಒಮ್ಮೆಲೇ ದಿಕ್ಕು ಬದಲಿಸುವುದರಿಂದ ಅಲ್ಲಿ ಒತ್ತಡ ಅನಂತಕ್ಕೆ ಹೋಗುತ್ತದೆ. ಲೆಕ್ಕದ ಜಾಲರಿಯ ಚೌಕಗಳನ್ನು ಎಷ್ಟು ಸಣ್ಣದು ಮಾಡಿದರೂ ಆ ಬಿಂದುವಿನಲ್ಲಿ ಉತ್ತರ ನಿಲ್ಲುವುದಿಲ್ಲ. ಬದಲಾವಣೆಯನ್ನು ಒಂದೆರಡು ಕಿಲೋಮೀಟರ್ ಅಗಲಕ್ಕೆ ಹರಡಿಬಿಡಿ. ಎರಡನೆಯದು, ಮಾಡೆಲ್‌ನ ಪೆಟ್ಟಿಗೆಯ ಪಕ್ಕ ಮತ್ತು ತಳದ ಗೋಡೆಗಳನ್ನು ಮುಚ್ಚಿದರೆ ಬಂಡೆ ಪೆಟ್ಟಿಗೆಯೊಳಗೇ ಸುತ್ತು ಹೊಡೆಯುತ್ತದೆ. ನೋಡಲು ಚಂದ, ಆದರೆ ಅದು ರಿಡ್ಜ್ ಅಲ್ಲ.

ನಿಜವಾದ ವಾದ ಶುರುವಾಗುವುದು ಆಮೇಲೆ. ಫಲಕಗಳು ಸರಿದದ್ದಕ್ಕೆ ಬಂಡೆ ಸುಮ್ಮನೆ ಮೇಲೆ ಬರುತ್ತಿದೆಯೇ, ಅಥವಾ ಹಗುರಾಗಿ ತಾನೇ ನುಗ್ಗುತ್ತಿದೆಯೇ? ಏರುವ ಬಂಡೆ ಸುಮಾರು 60-70 ಕಿಲೋಮೀಟರ್ ಆಳದಿಂದ ಗಮನಾರ್ಹವಾಗಿ ಕರಗತೊಡಗುತ್ತದೆ. ಕರಗಿದ ಭಾಗವೂ ಹಗುರ, ಅದು ಹೊರಟ ಮೇಲೆ ಉಳಿದ ಬಂಡೆಯೂ ತುಸು ಹಗುರ. ಸ್ನಿಗ್ಧತೆ 10¹⁸ರ ಹತ್ತಿರ ಇದ್ದರೆ ಈ ತೇಲುವ ಬಲವೇ ಗೆದ್ದು, ಅಕ್ಷದ ಕೆಳಗೆ ಕಿರಿದಾದ ರಭಸದ ಏರಿಕೆ ಕಾಣುತ್ತದೆ. ಆದರೆ 1996ರಲ್ಲಿ ಹರ್ತ್ ಮತ್ತು ಕೋಲ್‌ಸ್ಟೆಡ್ ಎಂಬ ವಿಜ್ಞಾನಿಗಳು ತೋರಿಸಿದ ಸಂಗತಿ ಈ ಚಿತ್ರಕ್ಕೆ ಅಡ್ಡ ಬಂತು: ಕರಗುವಾಗ ಒಲಿವೀನ್‌ನಲ್ಲಿದ್ದ ಅಲ್ಪ ನೀರು ದ್ರವಕ್ಕೆ ಸೇರಿಹೋಗುತ್ತದೆ, ಒಣಗಿದ ಬಂಡೆಯ ಸ್ನಿಗ್ಧತೆ ನೂರಾರು ಪಟ್ಟು ಏರುತ್ತದೆ, ಆಗ ತೇಲುವ ಬಲ ಗೆಲ್ಲುವುದು ಕಷ್ಟ. 1995-96ರಲ್ಲಿ ಪೂರ್ವ ಪೆಸಿಫಿಕ್ ರೈಸ್ ಎಂಬ ವೇಗದ ರಿಡ್ಜ್‌ನ 17 ಡಿಗ್ರಿ ದಕ್ಷಿಣದ ಬಳಿ ಸಮುದ್ರತಳದಲ್ಲಿ ಭೂಕಂಪಮಾಪಕಗಳನ್ನಿಟ್ಟು ನಡೆಸಿದ 'ಮೆಲ್ಟ್' ಪ್ರಯೋಗದಲ್ಲೂ ಕಂಡದ್ದು ಕಿರಿದಾದ ಏರಿಕೆಯಲ್ಲ, ನೂರಾರು ಕಿಲೋಮೀಟರ್ ಅಗಲದ, ಪಶ್ಚಿಮಕ್ಕೆ ವಾಲಿದ ಕರಗುವ ವಲಯ. ವೇಗವಾಗಿ ಹರಡುವ ರಿಡ್ಜ್‌ಗಳ ಮಟ್ಟಿಗಾದರೂ ನನ್ನ ಓಟು ಸುಮ್ಮನೆ ಏರುವ ಮಾಡೆಲ್‌ಗೇ.

ಇನ್ನೊಂದು ತೊಡಕು ಉಳಿಯುತ್ತದೆ. ಕರಗುವುದು ಅಷ್ಟು ಅಗಲದಲ್ಲಿ, ಹೊರಬರುವುದು ಮಾತ್ರ ಅಕ್ಷದ ಒಂದೆರಡು ಕಿಲೋಮೀಟರ್‌ನೊಳಗೆ! ಸ್ಪೀಗಲ್‌ಮನ್ ಮತ್ತು ಮೆಕೆಂಜಿ 1987ರಲ್ಲಿ ಮೂಲೆ ಹರಿವಿನ ಒತ್ತಡವೇ ಶಿಲಾಪಾಕವನ್ನು (ಕರಗಿದ ಬಂಡೆಯನ್ನು) ಅಕ್ಷದತ್ತ ಎಳೆಯುತ್ತದೆ ಎಂದರು, ಆದರೆ ಅದಕ್ಕೆ ಸ್ನಿಗ್ಧತೆ ಬಹಳ ಹೆಚ್ಚಿರಬೇಕು. 1991ರಲ್ಲಿ ಸ್ಪಾರ್ಕ್ಸ್ ಮತ್ತು ಪಾರ್ಮೆಂಟಿಯರ್ ಹೇಳಿದ್ದು ಬೇರೆ: ಶಿಲಾಪಾಕ ನೇರ ಮೇಲೇರಿ, ಫಲಕದ ತಣ್ಣನೆಯ ತಳಕ್ಕೆ ತಾಗಿ, ಆ ಇಳಿಜಾರಿನ ಅಡಿಯಲ್ಲೇ ಅಕ್ಷದ ಕಡೆ ಹತ್ತುತ್ತದೆ. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ.

ಮಾಡೆಲ್‌ಗೆ ಮೊದಲು ಉಷ್ಣತೆ ಸೇರಿಸಿ, ಆಮೇಲೆ ಉಷ್ಣತೆಯೊಡನೆ ಬದಲಾಗುವ ಸ್ನಿಗ್ಧತೆ. ಉಚಿತವಾಗಿ ಸಿಗುವ 'ಆಸ್ಪೆಕ್ಟ್' ಎಂಬ ಸಾಫ್ಟ್‌ವೇರ್ ಇದಕ್ಕೆ ಸಾಕು. ಕರಗಿದ ಪ್ರಮಾಣ ಲೆಕ್ಕ ಹಾಕಿದಾಗ 6-7 ಕಿಲೋಮೀಟರ್ ದಪ್ಪದ ಸಾಗರ ತೊಗಟೆ ಬರುತ್ತದೆಯೇ ನೋಡಿ. ಎರಡೋ ಮೂರೋ ಕಿಲೋಮೀಟರ್ ಬಂದರೆ ಆರಂಭದ ಉಷ್ಣತೆಯನ್ನು ಮೊದಲು ಅನುಮಾನಿಸಿ. ಬಂಡೆಯ ಸಂದುಗಳಲ್ಲಿ ಶಿಲಾಪಾಕ ಜಿನುಗುವುದಕ್ಕೆ ಮೆಕೆಂಜಿಯ 1984ರ ಸಮೀಕರಣಗಳು ಬೇಕಾಗುತ್ತವೆ. ಅವನ್ನು ಕೊನೆಗೆ ಇಟ್ಟುಕೊಳ್ಳಿ.